ಚೌಕಿಯಲ್ಲಿ ಆಡಿಕೊಂಡ ಮಾತು

2007ರ ಜನವರಿ 6ರಿಂದ 12ರವರೆಗೆ ಹೈದರಾಬಾದಿನಲ್ಲಿ ಒಂದು ಸಮ್ಮೇಳನ ನಡೆಯಿತು. ಹೆಸರು ಕೃತಕ ಬುದ್ಧಿಮತ್ತೆಯ ಅಂತರರಾಷ್ಟ್ರೀಯ ಜಂಟಿ ಸಮ್ಮೇಳನ. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಐಜೆಸಿಎಐ. 1969ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶುರುವಾಗಿ ಎರಡು ವರ್ಷಕ್ಕೊಮ್ಮೆ ದೇಶದಿಂದ ದೇಶಕ್ಕೆ ಹೋಗುತ್ತಿದ್ದ ಈ ಕೂಟಕ್ಕೆ ಅದು ಇಪ್ಪತ್ತನೆಯ ಸಲ. ಭಾರತಕ್ಕೆ ಬಂದದ್ದು ಅದೇ ಮೊದಲು. ಈಗ ಎಐ ಎಂಬ ಎರಡಕ್ಷರ ತರಕಾರಿ ಅಂಗಡಿಯಲ್ಲೂ ಕೇಳಿಸುತ್ತದೆ. ಆಗ ಹಾಗಿರಲಿಲ್ಲ. ಹೈದರಾಬಾದಿನಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ಪ್ರಾಧ್ಯಾಪಕರು, ಅವರ ವಿದ್ಯಾರ್ಥಿಗಳು.

ಆ ವರ್ಷ ಯಾವ ಪ್ರಬಂಧ ಒಳಗೆ ಬರಬೇಕು, ಯಾವುದು ಬೇಡ ಎಂಬುದನ್ನು ನೋಡಿಕೊಳ್ಳುವ ಕಾರ್ಯಕ್ರಮ ಸಮಿತಿಯ ಅಧ್ಯಕ್ಷೆ ಮಾನುವೆಲಾ ವೆಲೋಸೊ. ಪೋರ್ಚುಗಲ್‌ನಲ್ಲಿ ಹುಟ್ಟಿ, ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. 35 ದಾಟದ ಸಂಶೋಧಕರಿಗೆ ಈ ಸಮ್ಮೇಳನ ಕೊಡುವ ದೊಡ್ಡ ಪ್ರಶಸ್ತಿಗೆ ಕಂಪ್ಯೂಟರ್ಸ್ ಆಂಡ್ ಥಾಟ್ ಎಂದು ಹೆಸರು. ಆ ಸಲ ಅದು ಹೋದದ್ದು ಪೀಟರ್ ಸ್ಟೋನ್ ಎಂಬುವರಿಗೆ. ಸ್ಟೋನ್ ವೆಲೋಸೊ ಅವರ ಶಿಷ್ಯ. ಈ ಗುರುಶಿಷ್ಯರ ಕೆಲಸದ ಬಹುಭಾಗ ಹುಟ್ಟಿದ್ದು ಒಂದು ಆಟದಿಂದ: ಯಂತ್ರಗಳು ಆಡುವ ಫುಟ್‌ಬಾಲ್.

ಈ ಆಟದ ಚರಿತ್ರೆಯನ್ನು ಹೈದರಾಬಾದಿನ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂಬುದು ಈ ಬರಹದ ವಿಷಯ. ಹೈದರಾಬಾದೇ ಯಾಕೆಂದರೆ, ಆ ಊರಿಗೆ ಈ ಕಥೆಯ ಎರಡೂ ತುದಿ ಸೇರಿದೆ. ಭಾರತದ ಫುಟ್‌ಬಾಲ್ ಕಂಡ ಅತಿ ದೊಡ್ಡ ತರಬೇತುದಾರ ಆ ಊರಿನವರು. ಕಾರ್ನೆಗಿ ಮೆಲನ್‌ನ ರೋಬೊಟಿಕ್ಸ್ ಸಂಸ್ಥೆಗೆ 1979ರಲ್ಲಿ ಮೊದಲ ನಿರ್ದೇಶಕರಾದವರು ಚಿತ್ತೂರು ಜಿಲ್ಲೆಯ ಕಾಟೂರಿನ ರಾಜ್ ರೆಡ್ಡಿ. 1994ರ ಟ್ಯೂರಿಂಗ್ ಪ್ರಶಸ್ತಿಯಲ್ಲಿ ಪಾಲು ಪಡೆದ ಅವರೇ, 1998ರಲ್ಲಿ ಶುರುವಾದ ಹೈದರಾಬಾದಿನ ಐಐಐಟಿಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆದರು.

ಚದುರಂಗದಿಂದ ಚೆಂಡಿನ ಕಡೆಗೆ

ಯಂತ್ರಕ್ಕೆ ಬುದ್ಧಿ ಇದೆಯೇ ಎಂದು ಪರೀಕ್ಷಿಸಲು ಬಹುಕಾಲ ಬಳಸಿದ್ದು ಚದುರಂಗ. ಅದಕ್ಕೆ ಕಾರಣವೂ ಇತ್ತು. ಚದುರಂಗದ ಮಣೆ ಅಚ್ಚುಕಟ್ಟು. ಎಲ್ಲ ಕಾಯಿಗಳೂ ಇಬ್ಬರಿಗೂ ಕಾಣುತ್ತವೆ. ನೀವು ಯೋಚಿಸುತ್ತಿರುವಾಗ ಕಾಯಿ ತಾನಾಗಿ ಸರಿಯುವುದಿಲ್ಲ. ಕುದುರೆಯನ್ನು ಒಂದು ಮನೆಗೆ ಇಟ್ಟರೆ ಅದು ಅಲ್ಲೇ ಇರುತ್ತದೆ, ಜಾರಿ ಪಕ್ಕದ ಮನೆಗೆ ಬೀಳುವುದಿಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ವರ್ತ್ 1992ರಲ್ಲಿ ಕೇಳಿದ ಪ್ರಶ್ನೆ ಇದರ ಸುತ್ತಲೇ. ಕೃತಕ ಬುದ್ಧಿಮತ್ತೆಯ ಹಳೆಯ ಪದ್ಧತಿ ಕೆಲವನ್ನು ಹೇಳದೆಯೇ ಒಪ್ಪಿಕೊಂಡುಬಿಟ್ಟಿದೆ ಎಂದು ಅವರು ತೋರಿಸಿದರು: ಲೋಕದಲ್ಲಿ ಕೆಲಸ ಮಾಡುವವನು ಒಬ್ಬನೇ, ಅವನು ಮುಟ್ಟದೆ ಏನೂ ಬದಲಾಗದು, ಅವನಿಗೆ ಎಲ್ಲವೂ ತಿಳಿದಿದೆ, ಮಾಡಿದ್ದು ಮಾಡಿದಂತೆಯೇ ಆಗುತ್ತದೆ. ನಿಜವಾದ ಲೋಕದಲ್ಲಿ ಈ ಒಂದೊಂದೂ ಸುಳ್ಳು. ಒಂದೊಂದನ್ನೂ ಮುರಿಯುವ ಆಟ ಯಾವುದು? ಫುಟ್‌ಬಾಲ್. ಮ್ಯಾಕ್‌ವರ್ತ್ ಅವರ ಗುಂಪು ರೇಡಿಯೊದಿಂದ ಓಡಿಸುವ ಆಟಿಕೆ ಕಾರುಗಳನ್ನೇ ಆಟಗಾರರನ್ನಾಗಿ ಮಾಡಿ ಇದನ್ನು ಪ್ರಯೋಗಕ್ಕೆ ಇಳಿಸಿತು.

ಜಪಾನಿನಲ್ಲಿ ಇದೇ ಯೋಚನೆ ಬೇರೆ ದಾರಿಯಿಂದ ಬಂತು. 1993ರಲ್ಲಿ ಅಲ್ಲಿ ಜೆ-ಲೀಗ್ ಎಂಬ ವೃತ್ತಿಪರ ಫುಟ್‌ಬಾಲ್ ಲೀಗ್ ಶುರುವಾಗಿ ದೇಶಕ್ಕೆ ದೇಶವೇ ಅದರ ಹುಚ್ಚು ಹಿಡಿಸಿಕೊಂಡಿತ್ತು. ಅದೇ ವರ್ಷ ಹಿರೊಆಕಿ ಕಿತಾನೊ, ಮಿನೊರು ಅಸಾದಾ, ಯಾಸುಒ ಕುನಿಯೋಷಿ ಮೊದಲಾದವರು ರೋಬೋಗಳಿಗೂ ಒಂದು ಜೆ-ಲೀಗ್ ಮಾಡೋಣ ಎಂದರು. ಹೊರದೇಶದವರೂ ಸೇರಬೇಕೆಂದು ಕೇಳಿದಾಗ ಹೆಸರು ರೋಬೋಕಪ್ ಆಯಿತು. ಇತ್ಸುಕಿ ನೋದಾ ಕಂಪ್ಯೂಟರಿನೊಳಗೇ ಆಡಬಹುದಾದ ಮೈದಾನವೊಂದನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. 1995ರ ಮಾಂಟ್ರಿಯಲ್ ಐಜೆಸಿಎಐಯಲ್ಲಿ ಘೋಷಣೆ, 1997ರ ಆಗಸ್ಟಿನಲ್ಲಿ ನಗೋಯಾ ಐಜೆಸಿಎಐಯ ಜೊತೆಗೆ ಮೊದಲ ಪಂದ್ಯಾವಳಿ. 40ಕ್ಕೂ ಹೆಚ್ಚು ತಂಡಗಳು ಬಂದವು, 5,000ಕ್ಕೂ ಹೆಚ್ಚು ಜನ ನೋಡಿದರು. ಅಂದರೆ ಹೈದರಾಬಾದಿಗೆ 2007ರಲ್ಲಿ ಬಂದದ್ದು ಈ ಆಟದ ತವರು ಸಮ್ಮೇಳನ.

ಆ 1997ರ ಮೇ ತಿಂಗಳಲ್ಲೇ ಐಬಿಎಂನ ಡೀಪ್ ಬ್ಲೂ ಯಂತ್ರ ಗ್ಯಾರಿ ಕಾಸ್ಪರೊವ್ ಅವರನ್ನು ಚದುರಂಗದಲ್ಲಿ ಸೋಲಿಸಿತ್ತು. ಒಂದು ಗುರಿ ಮುಟ್ಟಿದ ಮೂರು ತಿಂಗಳಿಗೆ ಮುಂದಿನ ಗುರಿ ಸಿದ್ಧವಾಗಿತ್ತು. 2050ರ ಹೊತ್ತಿಗೆ, ಯಾರ ನಿಯಂತ್ರಣವೂ ಇಲ್ಲದೆ ಆಡುವ ಮಾನವಾಕಾರದ ರೋಬೋಗಳ ತಂಡವೊಂದು ಫಿಫಾ ನಿಯಮಗಳಂತೆಯೇ ಆಡಿ ಆಗಿನ ವಿಶ್ವಕಪ್ ವಿಜೇತರನ್ನು ಸೋಲಿಸಬೇಕು ಎಂಬುದು ಅದು.

ಕೊರಿಯಾದಲ್ಲಿ ಇನ್ನೊಂದು ಬಳಗ ಇದೇ ಹೊತ್ತಿಗೆ ಹೊರಟಿತ್ತು. ಅಲ್ಲಿನ ಕಾಯಿಸ್ಟ್ ಸಂಸ್ಥೆಯ ಜೋಂಗ್-ಹ್ವಾನ್ ಕಿಮ್ 7.5 ಸೆಂಟಿಮೀಟರಿನ ಪೆಟ್ಟಿಗೆಯಂಥ ರೋಬೋಗಳ ಆಟವನ್ನು 1996ರ ನವೆಂಬರಿನಲ್ಲಿ ಡೇಜನ್ ನಗರದಲ್ಲಿ ನಡೆಸಿದರು. ಮುಂದೆ ಅದು ಫಿರಾ ಎಂಬ ಒಕ್ಕೂಟವಾಯಿತು. ಮೇಲೊಂದು ಕ್ಯಾಮೆರಾ, ಪಕ್ಕದಲ್ಲೊಂದು ಕಂಪ್ಯೂಟರ್. ಅದೇ ಎಲ್ಲ ರೋಬೋಗಳನ್ನೂ ರೇಡಿಯೊ ಮೂಲಕ ಆಡಿಸುತ್ತದೆ. ಸೂತ್ರದ ಗೊಂಬೆಯಾಟ ನೆನಪಾಗುತ್ತದೆ. ಎಲ್ಲ ದಾರಗಳೂ ಒಂದೇ ಕೈಯಲ್ಲಿ.

ಆದರೆ ದಾರ ಕತ್ತರಿಸಿದರೆ? ಪ್ರತಿಯೊಂದು ಗೊಂಬೆಯೂ ತಾನೇ ನೋಡಿ ತಾನೇ ಯೋಚಿಸಬೇಕಾದರೆ? ಚರಿತ್ರೆಯ ಸ್ವಾರಸ್ಯ ಇರುವುದು ಅಲ್ಲಿ.

ಕೂಗಿದರೆ ಎದುರಾಳಿಗೂ ಕೇಳುತ್ತದೆ

ನೋದಾ ಅವರ ಕಂಪ್ಯೂಟರ್ ಮೈದಾನದಲ್ಲಿ ಹನ್ನೊಂದು ಆಟಗಾರರೆಂದರೆ ಹನ್ನೊಂದು ಬೇರೆಬೇರೆ ಪ್ರೋಗ್ರಾಮುಗಳು. ಮೈದಾನ ನಿಜವಾದುದರ ಅಳತೆಯದೇ, 105 ಮೀಟರ್ ಉದ್ದ, 68 ಮೀಟರ್ ಅಗಲ. ಸೆಕೆಂಡಿಗೆ ಹತ್ತು ಸಲ ಆಟಗಾರ ಏನು ಮಾಡುವುದೆಂದು ತೀರ್ಮಾನಿಸಬೇಕು. ಅವನಿಗೆ ಮುಖ ಮಾಡಿದ ಕಡೆಯಷ್ಟೇ ಕಾಣುತ್ತದೆ. ದೂರದ್ದು ಮಸುಕು: ಅಲ್ಲೊಬ್ಬನಿದ್ದಾನೆ ಎಂದು ತಿಳಿದರೂ ಯಾವ ತಂಡದವನು, ಎಷ್ಟನೆಯ ಅಂಗಿಯವನು ಎಂದು ತಿಳಿಯದೆ ಹೋಗಬಹುದು. ಒದ್ದ ಚೆಂಡು ಒದ್ದ ಕಡೆಗೇ ಹೋಗುತ್ತದೆ ಎಂಬ ಭರವಸೆ ಇಲ್ಲ. ಓಡಿದರೆ ದಣಿವಾಗುತ್ತದೆ.

ಭಾಷೆಯ ಕೆಲಸ ಮಾಡುವ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಲ್ಲಿನ ಮಾತಿನ ನಿಯಮ. ಆಟಗಾರ ಕೂಗಬಹುದು, ಆದರೆ ಎಲ್ಲರಿಗೂ ಒಂದೇ ಗಾಳಿ. ಎರಡೂ ತಂಡದ ಕೂಗು ಅದರಲ್ಲೇ ಹೋಗಬೇಕು. ಹತ್ತಿರದವರಿಗೆ ಮಾತ್ರ ಕೇಳುತ್ತದೆ, ಒಬ್ಬರ ಕೂಗಿನಲ್ಲಿ ಇನ್ನೊಬ್ಬರದು ಕಳೆದುಹೋಗುತ್ತದೆ, ಎದುರಾಳಿಗೂ ಕೇಳುತ್ತದೆ. ಮುಂದಿನ ವರ್ಷಗಳಲ್ಲಿ ಒಂದು ಕೂಗಿನ ಉದ್ದವನ್ನು 10 ಅಕ್ಷರಕ್ಕೆ ಇಳಿಸಿದರು. ಹತ್ತು ಅಕ್ಷರದಲ್ಲಿ, ನೆಚ್ಚಲಾಗದ ಕಿವಿಗೆ, ಶತ್ರು ಕೇಳುತ್ತಿರುವಾಗ ಏನು ಹೇಳಬಹುದು?

ಕಾರ್ನೆಗಿ ಮೆಲನ್‌ನ ವಿದ್ಯಾರ್ಥಿ ತಂಡ, ಸಿಎಮ್‌ಯುನೈಟೆಡ್, ಈ ಪ್ರಶ್ನೆಗೆ ಕೊಟ್ಟ ಉತ್ತರ ಸರಳ. ಮೈದಾನದಲ್ಲಿ ಮಾತಾಡಲು ಆಗದಿದ್ದರೆ ಮೊದಲೇ ಮಾತಾಡಿಕೊಂಡು ಬರಬೇಕು. ಸ್ಟೋನ್ ಮತ್ತು ವೆಲೋಸೊ ಇದಕ್ಕೆ ಲಾಕರ್ ರೂಮ್ ಒಪ್ಪಂದ ಎಂದು ಹೆಸರಿಟ್ಟರು. ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ, ಯಾರೂ ಕೇಳದ ಜಾಗದಲ್ಲಿ, ಪೂರ್ತಿ ಸಮಯವಿರುವಾಗ ಆಗುವ ಮಾತುಕತೆ ಅದು. ನಮಗೆ ಇದಕ್ಕೊಂದು ಪದ ಹೊಸದಾಗಿ ಕಟ್ಟಬೇಕಾಗಿಲ್ಲ. ಯಕ್ಷಗಾನದವರು ವೇಷ ಕಟ್ಟುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಇಂದಿನ ಪ್ರಸಂಗವನ್ನು ಎಲ್ಲಿಂದ ಎಲ್ಲಿಗೆ ಒಯ್ಯುವುದು, ಯಾವ ಪದ ಬಿಡುವುದು ಎಂಬ ಮಾತು ರಂಗಕ್ಕೆ ಬರುವ ಮೊದಲೇ ಆಗಿರುತ್ತದೆ. ರಂಗದ ಮೇಲೆ ಬರೆದಿಟ್ಟ ಸಂಭಾಷಣೆ ಇಲ್ಲ. ಆದರೂ ಆಟ ದಾರಿ ತಪ್ಪುವುದಿಲ್ಲ. ಆಡು ಎಂಬ ಒಂದೇ ಧಾತುವಿನಿಂದ ಕನ್ನಡ ಆಟವಾಡುವುದನ್ನೂ ಮಾತಾಡುವುದನ್ನೂ ಹೇಳುತ್ತದೆ. ಈ ತಂಡ ಕಂಡುಕೊಂಡದ್ದೂ ಅದೇ: ಆಡುವ ಮೊದಲು ಆಡಿಕೊಳ್ಳಬೇಕು.

ಒಪ್ಪಂದದಲ್ಲಿ ಏನಿರುತ್ತಿತ್ತು? ಮುಖ್ಯವಾಗಿ ಎರಡು. ಒಂದು, ಪಾತ್ರ ಬೇರೆ, ಪಾತ್ರಧಾರಿ ಬೇರೆ. ಎಡಗಡೆಯ ಮುನ್ನುಗ್ಗುವವನು ಎಂಬುದು ಒಂದು ಪಾತ್ರ. ಅದನ್ನು ಇಂಥ ಆಟಗಾರನೇ ಮಾಡಬೇಕೆಂದಿಲ್ಲ. ಆಟದ ನಡುವೆ ಇಬ್ಬರು ಪಾತ್ರ ಬದಲಿಸಿಕೊಳ್ಳಬಹುದು. ಎರಡು, ವ್ಯೂಹ ಯಾವಾಗ ಬದಲಾಗಬೇಕೆಂದು ಎಲ್ಲರಿಗೂ ಮೊದಲೇ ಗೊತ್ತು. ಉಳಿದ ಸಮಯ, ಗೋಲುಗಳ ಲೆಕ್ಕ ಎರಡೂ ಎಲ್ಲರಿಗೂ ತಿಳಿದಿರುತ್ತವೆ. ಸೋಲುತ್ತಿದ್ದೇವೆ, ಸಮಯ ಕಡಿಮೆ ಇದೆ ಎಂದಾದರೆ ಹನ್ನೊಂದು ಮಂದಿಯೂ ತಾವಾಗಿ ಮುನ್ನುಗ್ಗುವ ವ್ಯೂಹಕ್ಕೆ ಸರಿಯುತ್ತಾರೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಮೊದಲ ವರ್ಷ ಇಷ್ಟು ಸಾಲಲಿಲ್ಲ. 1997ರ ನಗೋಯಾದಲ್ಲಿ ಸಿಎಮ್‌ಯುನೈಟೆಡ್‌ನ ಪುಟ್ಟ ರೋಬೋಗಳು ತಮ್ಮ ವಿಭಾಗ ಗೆದ್ದರೂ ಕಂಪ್ಯೂಟರ್ ಮೈದಾನದಲ್ಲಿ ತಂಡ ಸೆಮಿಫೈನಲ್ ದಾಟಲಿಲ್ಲ. ಅಲ್ಲಿ ಕಪ್ ಒಯ್ದದ್ದು ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದ ತಂಡ. ಮರುವರ್ಷದ ತಯಾರಿಯಲ್ಲಿ ಸಿಎಮ್‌ಯುನೈಟೆಡ್ ಬುಡಕ್ಕೆ ಹೋಯಿತು. ಸ್ಟೋನ್ ಅವರ 1998ರ ಪಿಎಚ್.ಡಿ. ಪ್ರಬಂಧ ಹೇಳುವುದು ಈ ಕಲಿಕೆಯ ಪದರಗಳನ್ನು: ಮೊದಲು ಬರುತ್ತಿರುವ ಚೆಂಡನ್ನು ತಡೆಯಲು ಕಲಿ, ಅದು ಕೈಗೂಡಿದ ಮೇಲೆ, ಈ ಪಾಸ್ ತಲುಪುತ್ತದೋ ಇಲ್ಲವೋ ಎಂದು ಅಂದಾಜಿಸಲು ಕಲಿ, ಆಮೇಲೆ, ಯಾರಿಗೆ ಪಾಸ್ ಕೊಡುವುದು ಒಳ್ಳೆಯದು ಎಂದು ಕಲಿ. ಕೆಳಗಿನ ಪದರ ಗಟ್ಟಿಯಾಗದೆ ಮೇಲಿನದು ನಿಲ್ಲದು. ಕಾಗುಣಿತ ಬಾರದವನಿಗೆ ಛಂದಸ್ಸು ಹೇಳಿಕೊಟ್ಟು ಪ್ರಯೋಜನವಿಲ್ಲ.

1998ರ ಪ್ಯಾರಿಸ್ ಪಂದ್ಯಾವಳಿಯಲ್ಲಿ ತಂಡ ಎಂಟು ಪಂದ್ಯಗಳಲ್ಲಿ 66 ಗೋಲು ಹೊಡೆದು ಒಂದನ್ನೂ ಬಿಡದೆ ಗೆದ್ದಿತು. 1999ರ ಸ್ಟಾಕ್‌ಹೋಮ್‌ನಲ್ಲಿ ಮತ್ತೆ ಎಂಟು ಪಂದ್ಯ, 110 ಗೋಲು, ಬಿಟ್ಟದ್ದು ಸೊನ್ನೆ. ಮೂವರ ಹೆಸರಿನ ತಂಡ ಅದು: ಸ್ಟೋನ್, ಪ್ಯಾಟ್ರಿಕ್ ರೈಲಿ, ವೆಲೋಸೊ.

ರಹೀಮ್ ಸಾಹೇಬರು

ಈಗ ಹೈದರಾಬಾದಿನ ಇನ್ನೊಂದು ತುದಿಗೆ ಬರೋಣ. ಸೈಯದ್ ಅಬ್ದುಲ್ ರಹೀಮ್ ಮೂಲತಃ ಶಾಲಾ ಮೇಷ್ಟ್ರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೂ ಭಾರತ ತಂಡಕ್ಕೂ ತರಬೇತಿ ಕೊಟ್ಟರು. ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸಾಲಾಗಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು.

ರಹೀಮ್ ಅವರ ಪಾಠಗಳ ಬಗ್ಗೆ ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವರ ಆಟಗಾರರ ನೆನಪುಗಳಿಂದ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಡ್ರಿಬಲ್ ಮಾಡುವುದನ್ನು ನಿಷೇಧಿಸಿದ ಪಂದ್ಯಗಳನ್ನು ಅವರು ನಡೆಸುತ್ತಿದ್ದರು. ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳೂ ಇದ್ದವು. ಒಂದೊಂದು ಪಂದ್ಯದಲ್ಲಿ ಒಂದೊಂದು ಕೌಶಲವನ್ನು ಮಾತ್ರ ಬೇರ್ಪಡಿಸಿ ಗಟ್ಟಿ ಮಾಡುವ ವಿಧಾನ. ಪದರಪದರವಾಗಿ ಕಲಿಸುವುದು ಎಂಬ ಮಾತು ಪ್ರಬಂಧದಲ್ಲಿ ಬರುವುದಕ್ಕೆ ನಾಲ್ಕು ದಶಕ ಮೊದಲು ಲಾಲ್ ಬಹಾದುರ್ ಶಾಸ್ತ್ರಿ ಕ್ರೀಡಾಂಗಣದ ಊರಿನಲ್ಲಿ ಅದು ಕಾಲಿಗೆ ಇಳಿದಿತ್ತು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ ಅವರ ಕೊನೆಯ ದೊಡ್ಡ ಪಂದ್ಯಾವಳಿ. ಕ್ಯಾನ್ಸರ್ ಆಗಲೇ ಅವರನ್ನು ತಿನ್ನುತ್ತಿತ್ತು. ಸ್ಟಾಪರ್ ಆಗಿ ರಕ್ಷಣೆಯ ನಡುವೆ ನಿಲ್ಲುತ್ತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಅವರು ಮೊದಲಿನಂತೆ ರಕ್ಷಣೆಯಲ್ಲಿ ಆಡುವ ಸ್ಥಿತಿಯಲ್ಲಿರಲಿಲ್ಲ. ರಹೀಮ್ ಅವರನ್ನು ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಒಂದು ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2–1ರಿಂದ ಭಾರತಕ್ಕೆ ಚಿನ್ನ. ತಂಡದಲ್ಲಿ ಸಿಕಂದರಾಬಾದಿನ ತುಳಸೀದಾಸ ಬಲರಾಮ್ ಇದ್ದರು, ಬೆಂಗಳೂರಿನ ಅರುಮೈನಾಯಗಂ ಇದ್ದರು. ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ರೋಬೋಕಪ್‌ನ ಪುಟಗಳಲ್ಲೂ ಸಿಗಲಾರದು.

ಮರುವರ್ಷ, 1963ರ ಜೂನ್‌ನಲ್ಲಿ, ರಹೀಮ್ ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಅಲ್ಲಿಂದ ಇಲ್ಲಿಗೆ ಭಾರತಕ್ಕೆ ಬಂದಿಲ್ಲ. 1970ರಲ್ಲಿ ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ ನಾಯಕತ್ವದಲ್ಲಿ ಬ್ಯಾಂಕಾಕ್‌ನಲ್ಲಿ ಸಿಕ್ಕ ಕಂಚೇ ಕೊನೆಯ ಪದಕ. ಇದಕ್ಕೆಲ್ಲ ಒಬ್ಬ ತರಬೇತುದಾರರ ಸಾವೊಂದೇ ಕಾರಣ ಎಂದರೆ ಅತಿಯಾಗುತ್ತದೆ. ಹಣ, ಆಡಳಿತ, ಏಷ್ಯಾದ ಬೇರೆ ದೇಶಗಳ ಏಳಿಗೆ ಎಲ್ಲವೂ ಸೇರಿವೆ. ಆದರೆ ಒಬ್ಬರ ತಲೆಯಲ್ಲಿದ್ದ ವಿದ್ಯೆ ಅವರೊಂದಿಗೆ ಹೋದರೆ ಮುಂದಿನವರು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ ಎಂಬುದಂತೂ ನಿಜ.

ಗೆದ್ದ ಮೇಲೆ ಕೊಟ್ಟದ್ದು

ರೋಬೋಕಪ್‌ನ ದಾರಿ ಇಲ್ಲಿ ಕವಲಾಗುತ್ತದೆ. ಸಿಎಮ್‌ಯುನೈಟೆಡ್ 1998ರಲ್ಲಿ ಗೆದ್ದ ಮೇಲೆ ತನ್ನ ಪ್ರೋಗ್ರಾಮನ್ನು ಎಲ್ಲರಿಗೂ ತೆರೆದಿಟ್ಟಿತು. 1999ರ ಗೆಲುವಿನ ನಂತರವೂ ಕೆಳ ಪದರಗಳ ಕೋಡ್ ಹೊರಗೆ ಬಂತು: ಓಡುವುದು, ಚೆಂಡು ಹಿಡಿಯುವುದು, ಒದೆಯುವುದು, ಮೈದಾನದಲ್ಲಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದು. ಪೋರ್ಚುಗಲ್‌ನ ಪೋರ್ಟೊ ಮತ್ತು ಅವೇರೊ ವಿಶ್ವವಿದ್ಯಾಲಯಗಳ ಎಫ್‌ಸಿ ಪೋರ್ಚುಗಲ್ ತಂಡ ಅದನ್ನು ಎತ್ತಿಕೊಂಡಿತು. ಬುಡ ಸಿಕ್ಕಿದ್ದರಿಂದ ತಮ್ಮ ಸಮಯವನ್ನೆಲ್ಲ ಮೇಲಿನ ಪದರಕ್ಕೆ ಹಾಕಿದರು: ವ್ಯೂಹ, ಪಾತ್ರ ಬದಲಾವಣೆ, ಸಂದರ್ಭಕ್ಕೆ ತಕ್ಕಂತೆ ಜಾಗ ಹಿಡಿಯುವುದು. 2000ದ ಮೆಲ್ಬರ್ನ್ ಪಂದ್ಯಾವಳಿಯಲ್ಲಿ ಆ ತಂಡ 94 ಗೋಲು ಹೊಡೆದು, ಒಂದನ್ನೂ ಬಿಡದೆ ಕಪ್ ಒಯ್ದಿತು. ಕೊಟ್ಟವರ ಕೈಯಿಂದ ಕಪ್ ಹೋಯಿತು. ಆದರೆ ಆಟದ ಮಟ್ಟ ಏರಿತು. ಆ ಮೂವರ ಕೆಲಸ ಪಿಟ್ಸ್‌ಬರ್ಗ್ ದಾಟಿ ಬದುಕಿತು.

ಇದು ಒಂದು ಸಲದ ಔದಾರ್ಯವಾಗಿ ಉಳಿಯಲಿಲ್ಲ, ಪದ್ಧತಿಯೇ ಆಯಿತು. ಎಲ್ಲ ತಂಡಗಳೂ ಒಂದೇ ಬಗೆಯ ರೋಬೋ ಬಳಸುವ ವಿಭಾಗದಲ್ಲಿ ಮತ್ತೆ ಮತ್ತೆ ಗೆದ್ದ ಜರ್ಮನಿಯ ಬ್ರೆಮನ್‌ನ ಬಿ-ಹ್ಯೂಮನ್ ತಂಡ ಪಂದ್ಯಾವಳಿ ಮುಗಿದ ಮೇಲೆ ತನ್ನ ಕೋಡ್ ಪ್ರಕಟಿಸುತ್ತ ಬಂದಿದೆ. ಪುಟ್ಟ ರೋಬೋಗಳ ವಿಭಾಗದಲ್ಲಿ ಮೊದಲು ಪ್ರತಿ ತಂಡವೂ ತನ್ನದೇ ಕ್ಯಾಮೆರಾ ಕಟ್ಟಿ ಹೊಂದಿಸಿಕೊಳ್ಳಬೇಕಿತ್ತು. 2010ರಿಂದ ಎಲ್ಲರಿಗೂ ಒಂದೇ ದೃಷ್ಟಿ ವ್ಯವಸ್ಥೆ. ಹಂಚಿಕೆಯ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. ಐಬೊ ಎಂಬ ನಾಯಿಯಾಕಾರದ ರೋಬೋವನ್ನು ನಂಬಿ ಒಂದು ಇಡೀ ವಿಭಾಗ ನಡೆಯುತ್ತಿತ್ತು. 2006ರಲ್ಲಿ ಸೋನಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. ವಿಭಾಗ ಸಾಯಲಿಲ್ಲ. 2008ರಿಂದ ನಾಓ ಎಂಬ ಎರಡು ಕಾಲಿನ ರೋಬೋಗೆ ದಾಟಿತು. ಯಂತ್ರ ಹೋದರೂ ಬರೆದಿಟ್ಟ ತಿಳಿವಳಿಕೆ ಉಳಿದಿತ್ತು.

ಹೈದರಾಬಾದಿನ ಸಮ್ಮೇಳನದ ಮೂರು ವರ್ಷದ ಬಳಿಕ ಸ್ಟೋನ್ ಮತ್ತು ಜೊತೆಗಾರರು ಇನ್ನೊಂದು ಪ್ರಶ್ನೆ ಮುಂದಿಟ್ಟರು. ಚೌಕಿಯಲ್ಲಿ ಕೂತು ಮಾತಾಡಲು ಅವಕಾಶವೇ ಇಲ್ಲದಿದ್ದರೆ? ಬೇರೆ ಬೇರೆಯವರು ಬರೆದ ಆಟಗಾರರನ್ನು ತಂದು ಒಂದೇ ತಂಡವಾಗಿ ಇಳಿಸಿದರೆ ಆಡಬಲ್ಲರೇ? 2013ರಿಂದ ರೋಬೋಕಪ್‌ನಲ್ಲಿ ಇದನ್ನೇ ಒಂದು ಸ್ಪರ್ಧೆಯಾಗಿ ನಡೆಸಿ ನೋಡಿದರು. ತಾಳಮದ್ದಲೆಯ ಕೂಟ ನೋಡಿದವರಿಗೆ ಇದು ಹೊಸದಲ್ಲ. ಕಾಸರಗೋಡಿನಿಂದ ಒಬ್ಬರು, ಪುತ್ತೂರಿನಿಂದ ಒಬ್ಬರು, ಹೊನ್ನಾವರದಿಂದ ಒಬ್ಬರು ಅರ್ಥಧಾರಿ ಬಂದು ಕೂರುತ್ತಾರೆ. ತಾಲೀಮು ಆಗಿರುವುದಿಲ್ಲ. ಆದರೂ ಕೂಟ ನಡೆಯುವುದು ಹೇಗೆ? ಪ್ರಸಂಗದ ಪದಗಳು ಎಲ್ಲರದೂ. ಭಾಗವತರು ಯಾವ ಪದ ಎತ್ತಿಕೊಂಡರೂ ಅದರ ಹಿಂದುಮುಂದು ಎಲ್ಲರಿಗೂ ಗೊತ್ತು. ಅರ್ಥ ಅವರವರದು. ಪ್ರಸಂಗ ಯಾರ ಗುಟ್ಟೂ ಆಗಿರದೆ ಅಚ್ಚಾಗಿ ಎಲ್ಲರ ಕೈಗೆ ಸಿಗುವುದರಿಂದಲೇ ಅಪರಿಚಿತರು ಒಟ್ಟಿಗೆ ಆಡಬಲ್ಲರು. ಕೆಳಗಿನ ಪದರ ಸಾರ್ವಜನಿಕ, ಮೇಲಿನ ಪದರ ಸ್ವಂತ. ರೋಬೋಕಪ್ ಕಷ್ಟಪಟ್ಟು ಕಲಿತ ಪಾಠವೂ ಇದೇ.

ಇದೇ ಹಂಚಿಕೆಯ ಇನ್ನೊಂದು ರೂಪ ಹೈದರಾಬಾದಿನಲ್ಲೇ ಇದೆ. ಅನುವಾದಕಿಯಾಗಿ ಅದನ್ನು ಹೇಳದೆ ಮುಂದೆ ಹೋಗಲಾರೆ. ಐಐಟಿ ಕಾನ್ಪುರದಲ್ಲಿ ರಾಜೀವ್ ಸಂಗಲ್, ವಿನೀತ್ ಚೈತನ್ಯ ಮೊದಲಾದವರು ಶುರು ಮಾಡಿ, ಆಮೇಲೆ ಹೈದರಾಬಾದಿನಲ್ಲಿ ಬೆಳೆಸಿದ ಅನುಸಾರಕ ಎಂಬ ಭಾಷಾಂತರ ವ್ಯವಸ್ಥೆ ಕನ್ನಡದಿಂದ ಹಿಂದಿಗೂ ಕೆಲಸ ಮಾಡುತ್ತಿತ್ತು. ಅದರ ತತ್ವ ವಿನಯದ್ದು. ಭಾಷೆಯ ರಚನೆಯಿಂದ ಖಚಿತವಾಗಿ ತಿಳಿಯುವುದನ್ನು ಯಂತ್ರ ಮಾಡಲಿ. ಲೋಕಜ್ಞಾನ ಬೇಕಾದ ಕಡೆ ಓದುವವರು ಕೈಹಾಕಲಿ. ಅಂದರೆ ಮನುಷ್ಯ ಮತ್ತು ಯಂತ್ರ ಒಂದೇ ತಂಡದ ಇಬ್ಬರು ಆಟಗಾರರು. ಯಾರ ಪಾತ್ರ ಯಾವುದು ಎಂದು ಮೊದಲೇ ಮಾತಾಗಿದೆ.

ನಮ್ಮ ತಂಡಗಳು

ಭಾರತದ ವಿದ್ಯಾರ್ಥಿಗಳು ಈ ಆಟಕ್ಕೆ ಇಳಿದಿದ್ದಾರೆ. ಐಐಟಿ ಖರಗ್‌ಪುರದ ರೋಬೋ ಫುಟ್‌ಬಾಲ್ ಗುಂಪು ಫಿರಾದಲ್ಲೂ, ಕೆಜಿಪಿ ಕಬ್ಸ್ ಎಂಬ ಹೆಸರಿನಲ್ಲಿ ರೋಬೋಕಪ್‌ನಲ್ಲೂ ಆಡಿದೆ. ಪಿಲಾನಿಯ ಬಿಟ್ಸ್ ವಿದ್ಯಾರ್ಥಿಗಳು ಮಾನವಾಕಾರದ ರೋಬೋ ಕಟ್ಟಿ ಅಚ್ಯುತ್ ಎಂದು ಹೆಸರಿಟ್ಟರು. ಅಚ್ಯುತ ಎಂದರೆ ಜಾರಿ ಬೀಳದವನು. ಎರಡು ಕಾಲಿನ ರೋಬೋ ಕಟ್ಟಿದವರಿಗೆ ಆ ಹೆಸರಿನ ಹಿಂದಿನ ಹರಕೆ ಅರ್ಥವಾಗುತ್ತದೆ: ಇಂದಿಗೂ ಈ ಆಟದಲ್ಲಿ ಚೆಂಡು ಒದೆಯುವುದಕ್ಕಿಂತ ಒದ್ದ ಮೇಲೆ ನಿಂತಿರುವುದೇ ಸಾಧನೆ. 2010ರ ಸೆಪ್ಟೆಂಬರಿನಲ್ಲಿ ಫಿರಾ ತನ್ನ ಸಮಾವೇಶವನ್ನು ಬೆಂಗಳೂರಿಗೇ ತಂದಿತು. 15ರಿಂದ 17ರವರೆಗೆ ನಡೆದ ಆ ಸಮ್ಮೇಳನದ ಪ್ರಬಂಧಗಳು ಪುಸ್ತಕವಾಗಿ ಬಂದಿವೆ; ಸಂಪಾದಕರಲ್ಲಿ ಸಿಂಗಪುರದ ಪ್ರಹ್ಲಾದ್ ವಡಕ್ಕೆಪಾಟ್ ಒಬ್ಬರು, ಫಿರಾ ಕಟ್ಟಿದ ಕಿಮ್ ಇನ್ನೊಬ್ಬರು.

ಇಂಥ ತಂಡದ ತಯಾರಿ ಎಂದರೇನು ಎಂದು ಹೊರಗಿನವರಿಗೆ ಸುಲಭಕ್ಕೆ ಕಾಣುವುದಿಲ್ಲ. ಪಂದ್ಯಕ್ಕೆ ಹೋಗಲು ಮೊದಲು ಅರ್ಹತೆ ಪಡೆಯಬೇಕು. ಅದಕ್ಕೆ ರೋಬೋ ಓಡುವ ವಿಡಿಯೊ ಬೇಕು, ತಂಡದ ವಿವರಣಾ ಪ್ರಬಂಧ ಬೇಕು. ಮೋಟಾರು, ಬ್ಯಾಟರಿ, ಚಕ್ರಗಳಿಂದ ಹಿಡಿದು ತೀರ್ಮಾನ ತೆಗೆದುಕೊಳ್ಳುವ ಕೋಡಿನವರೆಗೆ ಏನು ಮಾಡಿದ್ದೇವೆ, ಹೋದ ವರ್ಷಕ್ಕಿಂತ ಏನು ಬದಲಾಯಿತು ಎಂದು ಅದರಲ್ಲಿ ಬರೆಯಬೇಕು. ನಾಲ್ಕೂವರೆ ಸೆಂಟಿಮೀಟರೂ ಇಲ್ಲದ ಕಿತ್ತಳೆ ಬಣ್ಣದ ಗಾಲ್ಫ್ ಚೆಂಡು, 18 ಸೆಂಟಿಮೀಟರ್ ಅಗಲದ ರೋಬೋ. ಕಾಲೇಜಿನ ಪ್ರಯೋಗಾಲಯದ ಬೆಳಕಿನಲ್ಲಿ ಸರಿಯಾಗಿ ಕಂಡ ಕಿತ್ತಳೆ ಬಣ್ಣ ಪಂದ್ಯದ ಸಭಾಂಗಣದ ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಇವೆಲ್ಲದರ ನಡುವೆ ಪರೀಕ್ಷೆ, ಕ್ಯಾಂಪಸ್ ಸಂದರ್ಶನ, ವೀಸಾ, ವಿಮಾನದ ಟಿಕೆಟ್ಟಿಗೆ ಪ್ರಾಯೋಜಕರ ಹುಡುಕಾಟ.

ಆದರೆ ಕಾಲೇಜು ತಂಡಗಳ ನಿಜವಾದ ಎದುರಾಳಿ ಕ್ಯಾಲೆಂಡರ್. ಬಿ.ಟೆಕ್. ನಾಲ್ಕು ವರ್ಷ. ಮೊದಲ ವರ್ಷ ಕಲಿಯುವುದರಲ್ಲಿ ಹೋಗುತ್ತದೆ, ಕೊನೆಯ ವರ್ಷ ಕೆಲಸ ಹುಡುಕುವುದರಲ್ಲಿ. ಒಬ್ಬ ವಿದ್ಯಾರ್ಥಿ ತಂಡಕ್ಕೆ ಪೂರ್ತಿ ಸಿಗುವುದು ಎರಡು ವರ್ಷ. ಈ ಮೋಟಾರಿಗೆ ಯಾಕೆ ಇಷ್ಟೇ ವೇಗ ಕೊಟ್ಟಿದ್ದೇವೆ ಎಂದು ಬಲ್ಲ ಹುಡುಗಿ ಪಾಸಾಗಿ ಹೋದ ದಿನ ಆ ಕಾರಣವೂ ಹೋಗುತ್ತದೆ. ಮುಂದಿನವರು ಆ ಅಂಕಿಯನ್ನು ಬದಲಿಸಲು ಹೆದರುತ್ತಾರೆ, ಇಲ್ಲವೇ ಬದಲಿಸಿ ಮೋಟಾರು ಸುಡುತ್ತಾರೆ. ಚಿಕ್ಕ ಪ್ರಮಾಣದಲ್ಲಿ ಇದು 1963ರ ಕಥೆಯೇ.

ಆದ್ದರಿಂದಲೇ ನನಗೆ ಆ ತಂಡದ ವಿವರಣಾ ಪ್ರಬಂಧ ಎಂಬ ಒಣ ದಾಖಲೆ ಈ ಆಟದ ಅತಿ ಮುಖ್ಯ ಭಾಗವೆನಿಸುತ್ತದೆ. ಹೆಚ್ಚಿನ ತಂಡಗಳು ಅದನ್ನು ಅರ್ಹತೆಗಾಗಿ, ಕಡೆಯ ವಾರದಲ್ಲಿ ಬರೆಯುತ್ತವೆ. ಆದರೆ ಅದು ಚೌಕಿಯ ಮಾತನ್ನು ಕಾಗದಕ್ಕಿಳಿಸುವ ಜಾಗ. ಈ ವರ್ಷ ಯಾವುದು ಕೆಟ್ಟಿತು, ಯಾಕೆ ಕೆಟ್ಟಿತು, ಯಾವ ಉಪಾಯ ಮಾಡಿ ಬಿಟ್ಟೆವು ಎಂದು ಬರೆದಿಟ್ಟ ತಂಡಕ್ಕೆ ಮುಂದಿನ ವರ್ಷ ಹನ್ನೆರಡನೆಯ ಆಟಗಾರ ಸಿಕ್ಕಂತೆ. ನಮ್ಮ ಪರೀಕ್ಷಾ ಪದ್ಧತಿಯಲ್ಲಿ ಬೆಳೆದವರಿಗೆ ಇದು ಕಷ್ಟ. ಉತ್ತರಪತ್ರಿಕೆಯನ್ನು ಕೈಯಡ್ಡ ಮಾಡಿ ಬರೆಯಲು ಕಲಿತವರು ನಾವು. ಗೆದ್ದ ಮರುದಿನ ಉತ್ತರಪತ್ರಿಕೆಯನ್ನು ಬೋರ್ಡಿಗೆ ಅಂಟಿಸಿದವರ ಆಟ ಇದು.

2050ರ ಗುರಿ ಮುಟ್ಟುತ್ತದೋ ಇಲ್ಲವೋ, ನಮ್ಮಲ್ಲಿ ಹಲವರು ಕಣ್ಣಾರೆ ನೋಡುತ್ತೇವೆ. 110–0 ಎಂಬ ಅಂಕಿ ಕಂಪ್ಯೂಟರಿನೊಳಗಿನದು. ಮೊಣಕಾಲು, ಪಾದ, ಒದ್ದೆ ಹುಲ್ಲಿಗೆ ಅದು ಹಾಗೆಯೇ ದಾಟುವುದಿಲ್ಲ. ಒಂದು ವೇಳೆ ಗುರಿ ತಪ್ಪಿದರೂ ದಾರಿಯಲ್ಲಿ ಸಿಕ್ಕದ್ದು ಕೈಯಲ್ಲಿರುತ್ತದೆ, ಯಾಕೆಂದರೆ ಅದನ್ನು ಬರೆದಿಟ್ಟಿದ್ದಾರೆ. ಹೈದರಾಬಾದಿನಲ್ಲೋ ಹುಬ್ಬಳ್ಳಿಯಲ್ಲೋ ಮುಂದಿನ ಪಂದ್ಯಾವಳಿಗೆ ತಂಡ ಕಟ್ಟುವ ಹದಿನೆಂಟರ ಹುಡುಗ ಹುಡುಗಿಯರು ನಗೋಯಾದಿಂದ ಶುರು ಮಾಡಬೇಕಾಗಿಲ್ಲ. ಬ್ರೆಮನ್‌ನ ಕೋಡ್ ಇವತ್ತೇ ಇಳಿಸಿಕೊಳ್ಳಬಹುದು. ರಹೀಮ್ ಸಾಹೇಬರು ಜಕಾರ್ತಾದ ಆ ಕೋಣೆಯಲ್ಲಿ ಜರ್ನೈಲ್ ಸಿಂಗ್‌ಗೆ ಏನು ಹೇಳಿ ಮುಂದಕ್ಕೆ ಕಳಿಸಿದರು ಎಂಬುದನ್ನು ಇಳಿಸಿಕೊಳ್ಳುವ ಜಾಗ ಮಾತ್ರ ಎಲ್ಲೂ ಇಲ್ಲ.